ಇಂಗ್ಲಿಷ್ ಕಲಿಯಲು ನಿಜವಾಗಿ ಎಷ್ಟು ಕಾಲ ಬೇಕು? 45 ದಿನವೋ, 4 ವರ್ಷವೋ?

ಹಾಸನದ ಅಮ್ಮ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಗೊತ್ತಿರುವವರು ದಯವಿಟ್ಟು ಮುಚ್ಚುಮರೆ ಇಲ್ಲದೆ ಹೇಳಿ.

ನನಗೆ 36 ವರ್ಷ. ತವರು ಆಲೂರು ಕಡೆ, ಈಗ ಇರುವುದು ಹಾಸನದಲ್ಲಿ. ಓದಿದ್ದು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಆರ್ಟ್ಸ್, ಅದನ್ನೂ ಕನ್ನಡದಲ್ಲೇ ಬರೆದೆ. ಇಂಗ್ಲಿಷ್ ಓದಲು ಬರುತ್ತದೆ. ಅಂಗಡಿ ಬೋರ್ಡು, ಬ್ಯಾಂಕಿನ ಮೆಸೇಜು, ಮಗಳ ಡೈರಿ ಎಲ್ಲ ಓದುತ್ತೇನೆ. ಅರ್ಧಕ್ಕರ್ಧ ಅರ್ಥವೂ ಆಗುತ್ತದೆ. ಬಾಯಿಗೆ ಮಾತ್ರ ಬರುವುದಿಲ್ಲ. ಮಗಳು ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಪೇರೆಂಟ್ಸ್ ಮೀಟಿಂಗ್ ದಿನ ಟೀಚರ್ ಇಂಗ್ಲಿಷಿನಲ್ಲಿ ಮಾತಾಡಿದರೆ ನಾನು ತಲೆ ಅಲ್ಲಾಡಿಸಿ ಎದ್ದು ಬರುತ್ತೇನೆ. ಆಟೋದಲ್ಲಿ ಕೂತ ಮೇಲೆ ಮಗಳೇ 'ಅಮ್ಮ, ಮಿಸ್ ಹೇಳಿದ್ದು ಇದು' ಅಂತ ಬಿಡಿಸಿ ಹೇಳುತ್ತಾಳೆ. ಆಗ ನನಗೆ ಕಣ್ಣಲ್ಲಿ ನೀರು ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಪರಿಚಯದವರ ಲ್ಯಾಬಿನಲ್ಲಿ ಮುಂದಿನ ಕೌಂಟರಿಗೆ ಒಬ್ಬರು ಬೇಕಂತೆ. 'ಇಂಗ್ಲಿಷಿನಲ್ಲಿ ಫೋನ್ ಮಾತಾಡುವಷ್ಟು ಬಂದರೆ ಸಾಕು, ಮುಂದಿನ ವರ್ಷ ನೋಡೋಣ' ಅಂದಿದ್ದಾರೆ.

ಎರಡು ವರ್ಷದ ಹಿಂದೆ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ 9,000 ಕಟ್ಟಿ 60 ದಿನ ಹೋದೆ. ಬೋರ್ಡಿನ ಮೇಲೆ ಹನ್ನೆರಡು ಟೆನ್ಸ್ ಬರೆದರು. ನಾವು ಬರೆದುಕೊಂಡೆವು. ಕೊನೆಯ ದಿನದವರೆಗೂ ನಾನು ಎದ್ದು ನಿಂತು ಎರಡು ನಿಮಿಷ ಮಾತಾಡಲಿಲ್ಲ. ಈಗ ಇನ್ನೊಂದು ಕಡೆ 45 ದಿನದಲ್ಲಿ ಗ್ಯಾರಂಟಿ ಅನ್ನುತ್ತಿದ್ದಾರೆ. ದಿನಕ್ಕೆ ಒಂದೂವರೆ ಗಂಟೆ, ಬ್ಯಾಚಿಗೆ 25 ಜನ, ಫೀಸು 12,000. ನಮ್ಮ ಮನೆಗೆ ಅದು ಸಣ್ಣ ದುಡ್ಡಲ್ಲ. ಯೂಟ್ಯೂಬಿನಲ್ಲಿ ಒಬ್ಬರು 30 ದಿನ ಅಂತಾರೆ, ಇನ್ನೊಬ್ಬರು 4 ವರ್ಷ ಅಂತಾರೆ. ಯಾವುದನ್ನು ನಂಬಲಿ? ನನಗೆ ಸಿಗುವುದು ದಿನಕ್ಕೆ ಒಂದು ಗಂಟೆ. ಎಲ್ಲರನ್ನೂ ಕಳಿಸಿ, ಪಾತ್ರೆ ತೊಳೆದ ಮೇಲೆ 10ರಿಂದ 11.

ಮೂಡಿಗೆರೆ ಹೋಮ್‌ಸ್ಟೇ

ಅಕ್ಕ, ನನ್ನ ಲೆಕ್ಕ ಹೇಳುತ್ತೇನೆ. ನಾನೂ ಕನ್ನಡ ಮೀಡಿಯಂ. ತೋಟದ ಮನೆಯಲ್ಲಿ ಎರಡು ರೂಮು ಹೋಮ್‌ಸ್ಟೇ ಮಾಡಿದಾಗ ನನಗೆ ಬರುತ್ತಿದ್ದದ್ದು ಯೆಸ್, ನೋ, ಥ್ಯಾಂಕ್ಯೂ.

ನಾಲ್ಕು ತಿಂಗಳಿಗೆ ಗೆಸ್ಟ್‌ಗಳ ಜೊತೆ ನಿಭಾಯಿಸುವಷ್ಟು ಬಂತು. ಹೇಗೆಂದರೆ, ಅವರು ಕೇಳುವುದು ದಿನಾ ಅದೇ. ಬಿಸಿನೀರು ಎಷ್ಟು ಹೊತ್ತಿಗೆ, ಜೀಪ್ ಎಲ್ಲಿ ಸಿಗುತ್ತೆ, ಇಂಬಳ ಹತ್ತಿದರೆ ಏನು ಮಾಡಬೇಕು, ಕಳಲೆ ಪಲ್ಯ ಯಾವುದರಿಂದ ಮಾಡಿದ್ದು. ಒಂದು ನೋಟ್‌ಬುಕ್ಕಿನಲ್ಲಿ ಸುಮಾರು 120 ವಾಕ್ಯ ಬರೆದಿಟ್ಟುಕೊಂಡೆ. ತಪ್ಪಿದಾಗ ಗೆಸ್ಟ್‌ಗಳೇ ತಿದ್ದಿದರು.

ಆದರೆ ಫೋನ್ ಬೇರೆ ಕಥೆ. ಎದುರಿಗಿದ್ದರೆ ಮುಖ ನೋಡಿ, ಕೈಸನ್ನೆ ನೋಡಿ ಅರ್ಥ ಆಗುತ್ತೆ. ಫೋನಿನಲ್ಲಿ ಬರೀ ದನಿ. ದೆಹಲಿಯವರ ಇಂಗ್ಲಿಷ್ ಒಂದು ಥರ, ಕೇರಳದವರದು ಇನ್ನೊಂದು ಥರ. ಬುಕಿಂಗ್ ಫೋನನ್ನು ಹೆದರದೆ ಎತ್ತುವುದಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ನಿಮ್ಮ ಲ್ಯಾಬಿನ ಕೆಲಸ ಫೋನಿನದು ಅಂದಿರಿ, ಅದಕ್ಕೇ ಹೇಳಿದೆ.

ಕಡೂರು ಕಡೆಯವಳು

ಮಕ್ಕಳಾದರೆ ಬೇಗ ಕಲಿಯುತ್ತವೆ. 35 ದಾಟಿದ ಮೇಲೆ ಕಷ್ಟ ಅಲ್ವಾ? ನಾನೂ ಅದಕ್ಕೇ ಬಿಟ್ಟುಬಿಟ್ಟೆ.

ಅರಸೀಕೆರೆ ಮೇಷ್ಟ್ರು

ನಾನು 31 ವರ್ಷ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಹಾಸನದ ತಾಯಿ, ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಆದರೆ ದಿನದಲ್ಲಿ ಅಳೆಯಬೇಡಿ. ಗಂಟೆಯಲ್ಲಿ ಅಳೆಯಿರಿ. ಮೂರು ತಿಂಗಳು ಅಂದರೆ ಒಬ್ಬರಿಗೆ 20 ಗಂಟೆ, ಇನ್ನೊಬ್ಬರಿಗೆ 300 ಗಂಟೆ.

ಯುರೋಪಿನವರು ಭಾಷೆ ಕಲಿಕೆಗೆ ಆರು ಮೆಟ್ಟಿಲು ಮಾಡಿದ್ದಾರೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಅದನ್ನು ಪ್ರಕಟಿಸಿತು. ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು, ಬೆಲೆ ಕೇಳುವಷ್ಟು. ಬಿ1 ಅಂದರೆ ದಿನದ ವ್ಯವಹಾರ ತಾನೇ ನಡೆಸುವಷ್ಟು. ಬಿ2 ಬಂದರೆ ಆಫೀಸಿನ ಕೆಲಸ, ವಾದ, ಚರ್ಚೆ ನಡೆಯುತ್ತದೆ. ಕೇಂಬ್ರಿಜ್ ಪರೀಕ್ಷೆ ನಡೆಸುವವರು ಇದಕ್ಕೆ ಒಂದು ಅಂದಾಜು ಕೊಡುತ್ತಾರೆ. ಸೊನ್ನೆಯಿಂದ ಎ2ಗೆ 180ರಿಂದ 200 ಗಂಟೆ. ಬಿ1ಗೆ 350ರಿಂದ 400. ಬಿ2ಗೆ 500ರಿಂದ 600. ಸಿ1ಗೆ 700ರಿಂದ 800. ಇದು ಪಾಠದ ಗಂಟೆ. ಮನೆಯಲ್ಲಿ ಮಾಡುವ ಅಭ್ಯಾಸ ಇದರ ಮೇಲೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಬೇರೆ ಬೇರೆ ದೇಶದ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಮಾತಾಡುವವರು ಸ್ಪ್ಯಾನಿಷ್ ಕಲಿಯಲು ಅವರ ಪ್ರಕಾರ ಸುಮಾರು 600ರಿಂದ 750 ಗಂಟೆ. ತಮಿಳು, ತೆಲುಗು ಕಲಿಯಲು ಸುಮಾರು 1100 ಗಂಟೆ, ಅಂದರೆ 44 ವಾರ. ನಮ್ಮ ಕನ್ನಡ ತೆಲುಗಿನ ಒಡಹುಟ್ಟು. ಅಲ್ಲಿಂದ ಇಲ್ಲಿಗೆ ದಾರಿ ಅಷ್ಟು ಉದ್ದ ಇದ್ದರೆ, ಇಲ್ಲಿಂದ ಅಲ್ಲಿಗೂ ಉದ್ದವೇ. ಹಾಗಾಗಿ ಕೇಂಬ್ರಿಜ್ ಅಂಕಿಯ ಒಂದೂವರೆ ಪಟ್ಟು, ಎರಡು ಪಟ್ಟು ಇಟ್ಟುಕೊಂಡರೆ ಮೋಸ ಇಲ್ಲ ಎಂಬುದು ನನ್ನ ಅನುಭವ.

ಈಗ ನಿಮ್ಮ ಲೆಕ್ಕ. ನೀವು ಸೊನ್ನೆಯಲ್ಲಿ ಇಲ್ಲ. ನಿಮ್ಮ ಕಣ್ಣು ಎ2ರಲ್ಲಿದೆ, ನಾಲಿಗೆ ಎ1ರಲ್ಲಿದೆ. ಟೀಚರ್ ಜೊತೆ ಸಲೀಸಾಗಿ ಮಾತಾಡಲು ಬೇಕಾಗಿರುವುದು ಬಿ1. ಎ2ಯಿಂದ ಬಿ1ಗೆ ಸುಮಾರು 200 ಗಂಟೆ, ನಮ್ಮ ದೂರಕ್ಕೆ ಅದನ್ನು 350ರಿಂದ 400 ಅಂತ ಇಟ್ಟುಕೊಳ್ಳಿ. ವಾರಕ್ಕೆ ಆರು ಗಂಟೆ ಕೂತರೆ, ಹಬ್ಬ ಹುಣ್ಣಿಮೆ ಕಳೆದು ವರ್ಷಕ್ಕೆ 280ರಿಂದ 300 ಗಂಟೆ ಆಗುತ್ತದೆ. ಅಂದರೆ ಒಂದು ವರ್ಷ ಎರಡು ತಿಂಗಳಿಂದ ಒಂದೂವರೆ ವರ್ಷ. ಲ್ಯಾಬಿನ ಫೋನ್ ಮಾತ್ರ ಸಾಕು ಅಂದರೆ ಅದು ಕಿರಿದಾದ ದಾರಿ. ರಿಪೋರ್ಟ್, ಫಾಸ್ಟಿಂಗ್, ಟೈಮಿಂಗ್, ಬಿಲ್, ಇಷ್ಟೇ ಮಾತು. 120ರಿಂದ 150 ಗಂಟೆಗೆ ಬರುತ್ತದೆ. ಆರು ತಿಂಗಳು ಹಿಡಿಯಿರಿ.

45 ದಿನದ ಕ್ಲಾಸಿನ ಬಗ್ಗೆಯೂ ಲೆಕ್ಕ ಹಾಕೋಣ. ದಿನಕ್ಕೆ 90 ನಿಮಿಷ, 25 ಜನ. ಮೇಷ್ಟ್ರು ಬಾಯಿಯೇ ಬಿಡದೆ ನಿಮಗೇ ಮಾತಾಡಲು ಬಿಟ್ಟರೂ ಒಬ್ಬೊಬ್ಬರಿಗೆ ನಾಲ್ಕು ನಿಮಿಷವೂ ಸಿಗುವುದಿಲ್ಲ. 45 ದಿನ ಸೇರಿದರೆ ನಿಮ್ಮ ಬಾಯಿಯಿಂದ ಬಂದ ಇಂಗ್ಲಿಷ್ ಮೂರು ಗಂಟೆಯೂ ಆಗಲಿಲ್ಲ. 12,000ಕ್ಕೆ ಮೂರು ಗಂಟೆ.

ಹಾಸನದ ಅಮ್ಮ

ಮೇಷ್ಟ್ರೇ, ಕೈಮುಗಿದೆ. ಮೂರು ಗಂಟೆ ಅನ್ನುವುದು ಓದಿ ಕೂತುಬಿಟ್ಟೆ. ಎರಡು ವರ್ಷದ ಹಿಂದೆ ಹೋದ ಕ್ಲಾಸಿನಲ್ಲಿ ನನಗೆ ಅರ್ಧ ಗಂಟೆಯೂ ಸಿಗಲಿಲ್ಲ ಅಂತ ಈಗ ಗೊತ್ತಾಯಿತು. ಅಲ್ಲಿಯವರೆಗೂ ನನಗೇ ತಲೆ ಇಲ್ಲ ಅಂದುಕೊಂಡಿದ್ದೆ.

ಒಂದು ಅನುಮಾನ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದ್ದೇನಲ್ಲ, ಆ ಗಂಟೆಗಳೆಲ್ಲ ಎಲ್ಲಿ ಹೋದವು?

ಅರಸೀಕೆರೆ ಮೇಷ್ಟ್ರು

ಒಳ್ಳೆಯ ಪ್ರಶ್ನೆ ತಾಯಿ. ಇದಕ್ಕೆ ನಾನೂ ಉತ್ತರ ಕೊಡಬೇಕಾದವನೇ.

ನಿಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ಒಂದನೇ ಕ್ಲಾಸಿನಿಂದ ಬಂದದ್ದು 2007ರ ಹೊತ್ತಿಗೆ. ನನ್ನ ಶಾಲೆಯ ಲೆಕ್ಕ ಹೇಳುತ್ತೇನೆ. ವಾರಕ್ಕೆ 40 ನಿಮಿಷದ ಆರು ಪೀರಿಯಡ್, ಅಂದರೆ ನಾಲ್ಕು ಗಂಟೆ. ವರ್ಷಕ್ಕೆ 35 ವಾರ ಹಿಡಿದರೆ 140 ಗಂಟೆ. ಆರು ವರ್ಷಕ್ಕೆ 840. ಕಾಗದದ ಮೇಲೆ ಇದು ಸಿ1ರ ಗಂಟೆ! ಆದರೆ ಕ್ಲಾಸಿನಲ್ಲಿ 50 ಮಕ್ಕಳು. ನಾನು ಪದ್ಯ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಮಕ್ಕಳು ಪ್ರಶ್ನೋತ್ತರ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮಾತಿಗೆ ಮಾರ್ಕ್ಸ್ ಇರಲಿಲ್ಲ, ಹಾಗಾಗಿ ಮಾತಿಗೆ ಜಾಗ ಕೊಡಲಿಲ್ಲ. ನನ್ನ ಕ್ಲಾಸಿನಲ್ಲಿ ಕಲಿತ ಎಷ್ಟೋ ಹುಡುಗಿಯರು ಇವತ್ತು ನಿಮ್ಮ ಹಾಗೆ ತಲೆ ಅಲ್ಲಾಡಿಸಿ ಎದ್ದು ಬರುತ್ತಿರಬಹುದು. ಅದು ನನಗೆ ಈಗಲೂ ಚುಚ್ಚುತ್ತದೆ.

ಆದರೂ ಆ ಗಂಟೆಗಳು ಕಳೆದುಹೋಗಿಲ್ಲ. ನೀವು ಬೋರ್ಡು ಓದುತ್ತೀರಲ್ಲ, ಅದೇ ಅವು.

ಕಡೂರಿನವರೇ, ನಿಮ್ಮ ಮಾತಿಗೂ ಒಂದು ಉತ್ತರ. ಉಚ್ಚಾರಣೆಯಲ್ಲಿ ಮಕ್ಕಳು ಮುಂದೆ ಹೋಗುವುದು ನಿಜ. ಆದರೆ ಶುರುವಿನ ತಿಂಗಳುಗಳಲ್ಲಿ ದೊಡ್ಡವರೇ ಬೇಗ. ನೆದರ್ಲೆಂಡ್ಸ್‌ಗೆ ಹೋಗಿ ಡಚ್ ಕಲಿತ ಇಂಗ್ಲಿಷ್ ಮಾತಿನವರ ಮೇಲೆ ಒಂದು ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಅದರಲ್ಲಿ 12ರಿಂದ 15ರ ಮಕ್ಕಳೂ ದೊಡ್ಡವರೂ ಮೊದಲ ತಿಂಗಳುಗಳಲ್ಲಿ ಮುಂದಿದ್ದರು. 3ರಿಂದ 5ರ ಚಿಕ್ಕವರು ಹಿಂದಿದ್ದರು. ವಯಸ್ಸಿಗೆ ಹೆದರಿ ಬಿಡಬೇಡಿ.

ಚನ್ನರಾಯಪಟ್ಟಣದ ಹುಡುಗ

ನನ್ನದು ಸ್ವಲ್ಪ ಬೇರೆ ಅನುಭವ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, 92 ಪರ್ಸೆಂಟ್ ತೆಗೆದೆ. ಪಿಯುಸಿ ಸೈನ್ಸಿಗೆ ಹಾಸನಕ್ಕೆ ಬಂದೆ. ಮೊದಲ ದಿನ ಫಿಸಿಕ್ಸ್ ಕ್ಲಾಸಿನಲ್ಲಿ ಲೆಕ್ಚರರ್ 'ಆಕ್ಸಿಲರೇಷನ್' ಅಂತ ಹತ್ತು ಸಲ ಹೇಳಿದರು. ನನಗೆ ಗೊತ್ತಿದ್ದದ್ದು ವೇಗೋತ್ಕರ್ಷ. ಎರಡೂ ಒಂದೇ ಅಂತ ಗೊತ್ತಾಗಲು ಸಂಜೆಯಾಯಿತು. ಗೊತ್ತಿದ್ದ ಪಾಠವೇ ಗೊತ್ತಿಲ್ಲದ ಹಾಗಾಗುವುದಿದೆಯಲ್ಲ, ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಶುರುವಿನಲ್ಲಿ ಕೆಮಿಸ್ಟ್ರಿ ಪುಸ್ತಕದ ನಾಲ್ಕು ಪುಟಕ್ಕೆ ಒಂದು ಗಂಟೆ ಬೇಕಿತ್ತು. ಡಿಕ್ಷನರಿ ಪಕ್ಕದಲ್ಲೇ ಇರುತ್ತಿತ್ತು. ಆರು ತಿಂಗಳ ಮೇಲೆ ಗಂಟೆಗೆ ಹತ್ತು ಪುಟ ಓದುತ್ತಿದ್ದೆ. ಓದುವುದು ಹೀಗೆ ಬಂತು. ಕ್ಲಾಸಿನಲ್ಲಿ ಎದ್ದು ಡೌಟ್ ಕೇಳುವುದು ಮಾತ್ರ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ವರೆಗೂ ಬರಲಿಲ್ಲ. ಒಟ್ಟು ಮೂರು ವರ್ಷ ಅಂತ ಇಟ್ಟುಕೊಳ್ಳಿ, ಅದೂ ದಿನವಿಡೀ ಇಂಗ್ಲಿಷಿನ ನಡುವೆ ಇದ್ದು.

ಮಗಳ ವಿಷಯದಲ್ಲಿ ಒಂದು ಮಾತು ಅಕ್ಕ. ಅವಳು ಈಗ ಪಟಪಟ ಮಾತಾಡಬಹುದು. ಆದರೆ ಪಾಠ ಅರ್ಥವಾಗಿದೆಯಾ ಅಂತ ಕನ್ನಡದಲ್ಲಿ ಕೇಳಿ ನೋಡಿ. ನನ್ನ ಚಿಕ್ಕಪ್ಪನ ಮಗ ಚೆನ್ನಾಗಿ ಮಾತಾಡುತ್ತಾನೆ, ಸೋಶಿಯಲ್ ಪಾಠ ಬಾಯಿಪಾಠ ಮಾಡುತ್ತಾನೆ, ಏನು ಓದಿದೆ ಅಂದರೆ ಹೇಳಲು ಬರುವುದಿಲ್ಲ.

ಅರಸೀಕೆರೆ ಮೇಷ್ಟ್ರು

ಈ ಹುಡುಗ ಹೇಳಿದ್ದು ಬಹಳ ಮುಖ್ಯ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ನೋಡಿ ಇದನ್ನೇ ಹೇಳಿದರು. ಆಟದ ಬಯಲಿನ ಮಾತು ಸುಮಾರು 2 ವರ್ಷಕ್ಕೆ ಬರುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕು. ಅದೂ ಬೀದಿ, ಅಂಗಡಿ, ಶಾಲೆ ಎಲ್ಲ ಕಡೆ ಇಂಗ್ಲಿಷ್ ಇರುವ ದೇಶದಲ್ಲಿ. ಹಾಗಾಗಿ ತಾಯಿ, ಮಗಳಿಗೆ ಮನೆಯಲ್ಲಿ ಪಾಠವನ್ನು ಕನ್ನಡದಲ್ಲಿ ವಿವರಿಸಲು ಹಿಂಜರಿಯಬೇಡಿ. ನಿಮಗೆ ಇಂಗ್ಲಿಷ್ ಮಾತು ಬರದಿದ್ದರೂ ಆ ಕೆಲಸ ನಿಮ್ಮಿಂದ ಇವತ್ತೇ ಆಗುತ್ತದೆ.

ಬೇಲೂರು ಗೈಡ್

ನಾನೂ ಒಂದು ಹೇಳಬೇಕು. ಬೇಲೂರು ದೇವಸ್ಥಾನದ ಕಥೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಲು ನನಗೆ ಆರು ವಾರ ಸಾಕಾಯಿತು. ವಿಷ್ಣುವರ್ಧನ, 1117, ನವರಂಗದ 48 ಕಂಬ, ಮದನಿಕೆಯರು, ಎಲ್ಲ ನೀರು ಕುಡಿದ ಹಾಗೆ ಹೇಳುತ್ತಿದ್ದೆ. ಕೇಳಿದವರು ನಿಮ್ಮ ಇಂಗ್ಲಿಷ್ ಚೆನ್ನಾಗಿದೆ ಅಂದರು. ನಾನೂ ನಂಬಿದೆ.

ಒಂದು ದಿನ ಒಬ್ಬ ಹೆಂಗಸು, ವಯಸ್ಸಾದವರು, ನಡುವೆ ತಡೆದು ಏನೋ ಕೇಳಿದರು. ಮೂರು ಸಲ ಕೇಳಿದರೂ ನನಗೆ ಅರ್ಥವಾಗಲಿಲ್ಲ. ಜೊತೆಗಿದ್ದ ಡ್ರೈವರ್ ಕನ್ನಡದಲ್ಲಿ ಹೇಳಿದ, 'ಈ ಕಲ್ಲು ಇಷ್ಟು ಸಣ್ಣ ಕೆತ್ತನೆಗೆ ಹೇಗೆ ಬಗ್ಗಿತು ಅಂತ ಕೇಳ್ತಿದ್ದಾರೆ.' ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತೆ. ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರಲಿಲ್ಲ. ಅವತ್ತು ಗೊತ್ತಾಯಿತು, ನನಗೆ ಬರುತ್ತಿದ್ದದ್ದು ಕಂಠಪಾಠ, ಇಂಗ್ಲಿಷ್ ಅಲ್ಲ.

ಕೇಳಿದ್ದಕ್ಕೆ ಉತ್ತರ ಹೇಳುವಷ್ಟು ಬರಲು ಅಲ್ಲಿಂದ ಎರಡು ವರ್ಷ. ದಿನಾ ರಾತ್ರಿ ಅವತ್ತು ಬಂದ ಒಂದು ಪ್ರಶ್ನೆ ಬರೆದು, ಅದಕ್ಕೆ ನಾಲ್ಕು ವಾಕ್ಯದ ಉತ್ತರ ಮಾಡಿ, ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆಗ ನಾನು ಪ್ರಶ್ನೆಗೆ ಕಾಯುವ ಹಂತಕ್ಕೆ ಬಂದಿದ್ದೆ.

ಮೂಡಿಗೆರೆಯವರ 120 ವಾಕ್ಯ ಒಳ್ಳೆಯದೇ. ಆದರೆ ಅಕ್ಕ, ನಿಮ್ಮ ಲ್ಯಾಬಿಗೆ ವಾಕ್ಯ ಕಲಿಯುವಾಗ ಪ್ರತಿ ವಾಕ್ಯದ ಜೊತೆ ಎದುರಿನವರು ಏನೇನು ಕೇಳಬಹುದು ಅಂತಲೂ ಬರೆದುಕೊಳ್ಳಿ.

ರೈಟರ್ ಮಗ, ಚಿಕ್ಕಮಗಳೂರು

ಗಂಟೆ ಎಣಿಸುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಪ್ಪ ಕಾಫಿ ಎಸ್ಟೇಟಿನಲ್ಲಿ 35 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಓದಿದ್ದು ಏಳನೇ ಕ್ಲಾಸು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಸ್ಟಾಕ್ ಬುಕ್ಕು, ಕ್ಯೂರಿಂಗ್ ವರ್ಕ್ಸಿಗೆ ಕಳಿಸುವ ಚೀಟಿ ಎಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಅಕ್ಷರ ಮುತ್ತಿನ ಹಾಗೆ. ರಾತ್ರಿ ಟ್ರಾನ್ಸಿಸ್ಟರಿನಲ್ಲಿ ವಾಯ್ಸ್ ಆಫ್ ಅಮೆರಿಕ ಹಾಕುತ್ತಿದ್ದರು. ಅದರಲ್ಲಿ ಸ್ಪೆಷಲ್ ಇಂಗ್ಲಿಷ್ ಅಂತ ಬರುತ್ತಿತ್ತು. 1959ರಲ್ಲಿ ಶುರುವಾದ ಕಾರ್ಯಕ್ರಮ. ಸುಮಾರು 1500 ಪದದೊಳಗೇ ಸುದ್ದಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಓದುವರು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಷ್ಟು ಗಂಟೆ ಅಂತ ಯಾವತ್ತೂ ಎಣಿಸಲಿಲ್ಲ. ರುಚಿ ಹತ್ತಿತ್ತು, ಕೇಳಿದರು.

ಕಾಫಿ ಗಿಡ ನೆಟ್ಟವರಿಗೆ ಗೊತ್ತು. ಮೊದಲ ಫಸಲಿಗೆ ಮೂರು ನಾಲ್ಕು ವರ್ಷ. ದಿನಾ ಅಳತೆಕೋಲು ಹಿಡಿದು ನಿಂತರೆ ಗಿಡ ಬೇಗ ಬೆಳೆಯುವುದಿಲ್ಲ.

ಮೂಡಿಗೆರೆ ಹೋಮ್‌ಸ್ಟೇ

ಅಣ್ಣ, ನಿಮ್ಮ ತಂದೆಯವರು ಮಾತಾಡುತ್ತಿದ್ದರಾ?

ರೈಟರ್ ಮಗ, ಚಿಕ್ಕಮಗಳೂರು

ಇಲ್ಲ. ಅದು ನಿಜ. ಮಾಲೀಕರ ಮನೆಗೆ ಬಂದ ಹೊರಗಿನವರ ಜೊತೆ ಮಾತಾಡಬೇಕು ಅಂದರೆ ಅಪ್ಪ ಕಾಗದದಲ್ಲಿ ಬರೆದು ತೋರಿಸುತ್ತಿದ್ದರು. ಕೇಳಿದರೆ ಅರ್ಥ ಆಗುತ್ತಿತ್ತು. ಹೇಳಲು ಬರುತ್ತಿರಲಿಲ್ಲ. ನೀವು ಕೇಳಿದ ಮೇಲೆ ಯೋಚಿಸಿದೆ, ಅವರಿಗೆ ಮಾತಾಡಲು ಯಾರೂ ಸಿಗಲೇ ಇಲ್ಲ.

ನರ್ಸ್, ಹಾಸನ

ನನಗೆ ಗಂಟೆಯ ಲೆಕ್ಕ ಬೇಕೇ ಬೇಕಿತ್ತು. ಪರೀಕ್ಷೆಗೆ ಹೋಗುವವರಿಗೆ ರುಚಿಯ ಮೇಲೆ ಬಿಟ್ಟರೆ ಆಗುವುದಿಲ್ಲ. ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿ, ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದೆ. ಮೊದಲ ಸಲ 9ಕ್ಕೆ 5.5 ಬಂತು. ಡ್ಯೂಟಿ ಮಾಡಿಕೊಂಡೇ ದಿನಕ್ಕೆ ಎರಡು ಗಂಟೆ ಓದಿದೆ. 6.5ಕ್ಕೆ ಬರಲು 11 ತಿಂಗಳು. ಮೊದಲ ನಾಲ್ಕು ತಿಂಗಳು ಏರಿದ್ದು ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಐದಾರು ತಿಂಗಳು ಎಷ್ಟು ಓದಿದರೂ ನಿಂತಲ್ಲೇ ನಿಂತ ಹಾಗೆ. ಅಳು ಬರುತ್ತಿತ್ತು. ಆ ತಿಂಗಳುಗಳಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಎಲ್ಲರಿಗೂ ಬರುತ್ತೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ.

ಹೋಗುವವರು ಇನ್ನೊಂದು ನೆನಪಿಡಿ. ಆ ಅಂಕಪಟ್ಟಿ 2 ವರ್ಷ ಮಾತ್ರ ನಡೆಯುತ್ತದೆ. ಉಳಿದ ಕಾಗದ ಪತ್ರ ಆಗುವ ಮೊದಲೇ ಅವಸರಪಟ್ಟು ಬರೆದರೆ ಮತ್ತೆ ಬರೆಯಬೇಕಾಗುತ್ತೆ.

ಹಾಸನದ ಅಮ್ಮ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. 12,000 ಕಟ್ಟುವುದಿಲ್ಲ ಅಂತ ಮನೆಯಲ್ಲಿ ಹೇಳಿದೆ. ಇವತ್ತು ಬೆಳಿಗ್ಗೆ 10ಕ್ಕೆ ಕೂತೆ. ಕ್ಯಾಲೆಂಡರಿನಲ್ಲಿ ಗಂಟೆ ಬರೆಯಲು ಶುರು ಮಾಡಿದ್ದೇನೆ.

ಮೇಷ್ಟ್ರೇ, ಒಂದು ತೊಂದರೆ. ಪದ ಗೊತ್ತು, ಜೋಡಿಸಲು ಹೋದರೆ ಎಲ್ಲ ಹಿಂದು ಮುಂದಾಗುತ್ತೆ. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿಗೆ ಮಾಡುವಷ್ಟರಲ್ಲಿ ಎದುರಿನವರು ಮುಂದಿನ ಮಾತಿಗೆ ಹೋಗಿರುತ್ತಾರೆ.

ಅರಸೀಕೆರೆ ಮೇಷ್ಟ್ರು

ಹಿಂದು ಮುಂದಾಗುವುದು ನಿಮ್ಮ ತಪ್ಪಲ್ಲ. ಆ ಭಾಷೆಯ ಕಟ್ಟೇ ಹಾಗೆ. 'ನಾಳೆ ಹಾಸನಕ್ಕೆ ಹೋಗುತ್ತೇನೆ' ಅನ್ನಿ. ಈಗ ಇಂಗ್ಲಿಷ್ ನೋಡಿ. 'ಐ ವಿಲ್ ಗೋ ಟು ಹಾಸನ್ ಟುಮಾರೋ.' ನಾವು ಕೊನೆಗೆ ಇಡುವ ಹೋಗುವುದು ಅಲ್ಲಿ ಮೊದಲೇ ಬಂತು. ನಾವು ಮೊದಲು ಹೇಳುವ ನಾಳೆ ಕೊನೆಗೆ ಹೋಯಿತು. 'ಹಾಸನಕ್ಕೆ' ಅನ್ನುವಲ್ಲಿ 'ಕ್ಕೆ' ಬಾಲದಲ್ಲಿದೆ, ಅಲ್ಲಿ 'ಟು' ತಲೆಯಲ್ಲಿದೆ. ಕನ್ನಡಿಯಲ್ಲಿ ನೋಡಿದ ಹಾಗೆ.

ಎರಡನೇ ಕಷ್ಟ ನಮ್ಮ 'ಅಲ್ಲಿ'. ಮನೆಯಲ್ಲಿ, ಬಸ್ಸಿನಲ್ಲಿ, ಬಸ್‌ಸ್ಟಾಂಡಿನಲ್ಲಿ. ನಮಗೆ ಮೂರಕ್ಕೂ ಒಂದೇ. ಅವರು ಅದನ್ನು ಇನ್, ಆನ್, ಅಟ್ ಅಂತ ಹಂಚಿಟ್ಟಿದ್ದಾರೆ. ಇದಕ್ಕೆ ನಿಯಮ ಕಲಿತು ಮುಗಿಸಲು ಆಗುವುದಿಲ್ಲ. ಕೇಳಿ ಕೇಳಿ ಕಿವಿಗೆ ಬರಬೇಕು. ಇವೆರಡಕ್ಕೇ ಗಂಟೆಗಳು ಹೋಗುವುದು. ಅದಕ್ಕೇ ನಾನು ಎರಡು ಪಟ್ಟು ಅಂದದ್ದು. ಮೂರನೆಯದು ಪ್ರಶ್ನೆ. ನಾವು ಕೊನೆಗೆ ಒಂದು 'ಆ' ಸೇರಿಸಿದರೆ ಮುಗಿಯಿತು, ಬಂದಳಾ, ತಿಂದಳಾ. ಅಲ್ಲಿ ಡು, ಡಸ್, ಡಿಡ್ ತಂದು ಮುಂದಿಡಬೇಕು. ದಿನಾ ಹತ್ತು ಪ್ರಶ್ನೆ ಗಟ್ಟಿಯಾಗಿ ಕೇಳಿಕೊಳ್ಳಿ. ಲ್ಯಾಬಿನಲ್ಲೂ ನಿಮಗೆ ಜಾಸ್ತಿ ಬೇಕಾಗುವುದು ಪ್ರಶ್ನೆಗಳೇ.

ಸಲೀಸಾದ ಭಾಗವೂ ಇದೆ. ಬಸ್ಸು, ಟಿಕೆಟ್ಟು, ಗ್ಯಾಸು, ಕುಕ್ಕರು, ಬಿಲ್ಲು, ರಿಪೋರ್ಟು. ನೂರಾರು ಪದ ಆಗಲೇ ನಿಮ್ಮ ಬಾಯಲ್ಲಿವೆ. ಕೊನೆಯ 'ಉ' ಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಕೆಲವು ಪದಕ್ಕೆ ನಾವು ಕೊಟ್ಟ ಅರ್ಥ ಅಲ್ಲಿ ನಡೆಯುವುದಿಲ್ಲ. ನಮ್ಮ 'ಕರೆಂಟ್ ಹೋಯಿತು' ಅಲ್ಲಿ 'ಪವರ್' ಆಗುತ್ತದೆ.

ಚನ್ನರಾಯಪಟ್ಟಣದ ಹುಡುಗ

ಮೇಷ್ಟ್ರೇ, ಎಷ್ಟು ಪದ ಬೇಕು ಅಂತ ಒಂದು ಅಂದಾಜು ಇದೆಯಾ?

ಅರಸೀಕೆರೆ ಮೇಷ್ಟ್ರು

ಇದೆ. ಪಾಲ್ ನೇಷನ್ ಎಂಬ ನ್ಯೂಜಿಲೆಂಡಿನ ವಿದ್ವಾಂಸರ ಲೆಕ್ಕ. ಪತ್ರಿಕೆ, ಕಾದಂಬರಿ ಇತ್ಯಾದಿ ಯಾರ ಸಹಾಯವೂ ಇಲ್ಲದೆ ಓದಲು 8000ದಿಂದ 9000 ಪದಗುಂಪು ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳಲು 6000ದಿಂದ 7000. ಗುಂಪು ಅಂದರೆ ಒಂದು ಪದ, ಅದರಿಂದ ಹುಟ್ಟಿದವೆಲ್ಲ ಸೇರಿ ಒಂದು. ಅಂಕಿ ನೋಡಿ ಹೆದರಬೇಡಿ. ತೀರಾ ಬಳಕೆಯ 2000 ಪದಗಳೇ ದಿನದ ಮಾತಿನ ಬಹುಭಾಗವನ್ನು ಹೊರುತ್ತವೆ. ದಿನಕ್ಕೆ ಐದು ಪದ ಅಂದರೆ ವರ್ಷಕ್ಕೆ 1825. ಆದರೆ ಮರೆವು ಇದೆಯಲ್ಲ. ಎಬಿಂಗ್‌ಹೌಸ್ ಎಂಬ ಜರ್ಮನ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ. ಕಲಿತದ್ದರಲ್ಲಿ ಬಹಳಷ್ಟು ಒಂದೇ ದಿನದಲ್ಲಿ ಹೋಗುತ್ತದೆ, ಉಳಿದದ್ದು ನಿಧಾನವಾಗಿ ಹೋಗುತ್ತದೆ. ಹಾಗಾಗಿ ಇವತ್ತಿನ ಐದು ಪದವನ್ನು ನಾಳೆ, ಮೂರನೇ ದಿನ, ಮುಂದಿನ ವಾರ ಮತ್ತೆ ನೋಡಬೇಕು. ಭಾನುವಾರ ಒಂದೇ ದಿನ ಏಳು ಗಂಟೆ ಕೂರುವುದಕ್ಕಿಂತ ದಿನಾ ಒಂದು ಗಂಟೆ ಕೂರುವುದು ಮೇಲು ಅನ್ನುವುದು ಇದಕ್ಕೇ.

ಕಡೂರು ಕಡೆಯವಳು

ಹಾಸನದ ಅಕ್ಕ, ನಿಮಗೆ ಮಾತಾಡಲು ಜೊತೆ ಬೇಕಾ? ನನಗೂ ಬೆಳಿಗ್ಗೆ 10ರ ಮೇಲೆ ಬಿಡುವು. ದಿನಾ 20 ನಿಮಿಷ ಫೋನಿನಲ್ಲಿ ಬರೀ ಇಂಗ್ಲಿಷ್ ಮಾತಾಡೋಣ. ನನಗೆ ನಿಮಗಿಂತ ಕಡಿಮೆ ಬರುತ್ತೆ, ಬೇಜಾರಿಲ್ಲ ತಾನೇ?

ಹಾಸನದ ಅಮ್ಮ

ಬೇಜಾರಾ! ಸೋಮವಾರದಿಂದಲೇ ಶುರು ಮಾಡೋಣ.

ಹಾಸನದ ಅಮ್ಮ (ಮೂರು ತಿಂಗಳ ನಂತರ)

ಲೆಕ್ಕ ಒಪ್ಪಿಸಲು ಬಂದೆ. ಕ್ಯಾಲೆಂಡರ್ ಕೂಡಿಸಿದೆ. ಒಟ್ಟು 61 ಗಂಟೆ. 75 ಆಗಬೇಕಿತ್ತು. ಹಾಸನಾಂಬ ದರ್ಶನದ ಸಮಯದಲ್ಲಿ ಮನೆ ತುಂಬ ನೆಂಟರು, 11 ದಿನ ಪುಸ್ತಕ ಮುಟ್ಟಲಿಲ್ಲ. ಅದರ ಹಿಂದೆಯೇ ಮಗಳಿಗೆ ಜ್ವರ. 61ರಲ್ಲಿ ಕಡೂರಿನ ತಂಗಿ ಜೊತೆ ಫೋನಿನಲ್ಲಿ ಮಾತಾಡಿದ್ದೇ 19 ಗಂಟೆ. ಮೊದಲ ವಾರ ಇಬ್ಬರೂ 'ವಾಟ್ ಡಿಡ್ ಯು ಕುಕ್ ಟುಡೇ' ಬಿಟ್ಟು ಮುಂದೆ ಹೋಗಲಿಲ್ಲ. ಈಗ ಅತ್ತೆ, ನಾದಿನಿ, ಸೀರೆ, ಈರುಳ್ಳಿ ರೇಟು ಎಲ್ಲ ಬರುತ್ತೆ. ತಪ್ಪು ತಪ್ಪಾಗಿಯೇ ಬರುತ್ತೆ, ಆದರೆ ನಿಲ್ಲುವುದಿಲ್ಲ.

ಮೊನ್ನೆ ಶಾಲೆಯ ವ್ಯಾನ್ ಬರಲಿಲ್ಲ. ನಾನೇ ಶಾಲೆಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದೆ. ಮಗಳು ಯೂನಿಫಾರಂನಲ್ಲಿ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ್ದು ಅವರಿಗೆ ಅರ್ಥವಾಯಿತು. ಅವರು ಹೇಳಿದ್ದರಲ್ಲಿ ಕೊನೆಯ ಭಾಗ ನನಗೆ ಸಿಗಲಿಲ್ಲ, ಬಹಳ ವೇಗ. ಸುಮ್ನೆ 'ಓಕೆ ಮ್ಯಾಮ್' ಅಂದು ಇಟ್ಟೆ. ಆಮೇಲೆ ನೋಡಿದರೆ, ವ್ಯಾನ್ 20 ನಿಮಿಷ ತಡ, ಗೇಟಿನ ಹತ್ತಿರ ಕಾಯಿರಿ ಅಂದಿದ್ದರಂತೆ. ನಾವು ಅಷ್ಟರಲ್ಲಿ ಆಟೋ ಹಿಡಿದಿದ್ದೆವು.

ಮೂಡಿಗೆರೆ ತಮ್ಮ, ನಿಮಗೆ ಫೋನಿನ ಅನುಭವ ಜಾಸ್ತಿ. ಅರ್ಥವಾಗದಿದ್ದಾಗ ಮರ್ಯಾದೆಯಿಂದ ನಿಲ್ಲಿಸಿ ಕೇಳುವುದು ಹೇಗೆ?

ಮೂಡಿಗೆರೆ ಹೋಮ್‌ಸ್ಟೇ

ಅಕ್ಕ, ಬರೀ 'ಸಾರಿ?' ಅಂದರೆ ಅವರು ಅದೇ ವೇಗದಲ್ಲಿ ಮತ್ತೆ ಹೇಳುತ್ತಾರೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವುದು ಇದು. 'ಕುಡ್ ಯು ಪ್ಲೀಸ್ ಸೇ ದಟ್ ಅಗೇನ್, ಸ್ಲೋಲಿ?' ಅವರು ಹೇಳಿದ ಮೇಲೆ ನಿಮಗೆ ಅರ್ಥವಾದದ್ದನ್ನು ನೀವೇ ತಿರುಗಿ ಹೇಳಿ. 'ಸೋ, ದಿ ವ್ಯಾನ್ ಈಸ್ ಟ್ವೆಂಟಿ ಮಿನಿಟ್ಸ್ ಲೇಟ್, ರೈಟ್?' ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಲ್ಯಾಬಿನಲ್ಲಿ ರೋಗಿಯ ಹೆಸರು, ಟೈಮು ಬರೆದುಕೊಳ್ಳುವಾಗಲೂ ಇದನ್ನೇ ಮಾಡಿ.

ಕಡೂರು ಕಡೆಯವಳು

ಅಕ್ಕ, ನಾಳೆ 10:15ಕ್ಕೆ ಫೋನ್ ಮಾಡುತ್ತೇನೆ. ನಾನು ಶಾಲೆಯವಳು, ನೀವು ಅಮ್ಮ. ನಾನು ಬೇಕಂತಲೇ ವೇಗವಾಗಿ ಮಾತಾಡುತ್ತೇನೆ, ನೀವು ನಿಲ್ಲಿಸಿ ಕೇಳಬೇಕು. ಆಮೇಲೆ ಪಾತ್ರ ಬದಲಿಸೋಣ.